ಸಂಪಾದಕರ ಉತ್ತರ: ಕಚೇರಿ, ತಟ್ಟೆ ಮತ್ತು ಕಣ

ಮಾನ್ಯರೇ,

ಕಳೆದ ಸಂಚಿಕೆಯ ಧ್ವನಿಮುದ್ರಿಕೆ ಅಂಕಣವನ್ನು ಓದಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಪತ್ರವನ್ನು ಇಡಿಯಾಗಿ ಅಚ್ಚು ಹಾಕಲು ಸ್ಥಳವಿಲ್ಲವಾದ್ದರಿಂದ ಅದರ ಸಾರವನ್ನು ಇತರ ಓದುಗರಿಗಾಗಿ ಹೇಳಿಬಿಡುತ್ತೇನೆ. ಧ್ವನಿಮುದ್ರಣವು ಸಂಗೀತದ ಭಾವಚಿತ್ರವೇ ಹೊರತು ಸಂಗೀತವಲ್ಲ. ಹಾಡುವವರೂ ಕೇಳುವವರೂ ಒಂದೇ ಸೂರಿನಡಿ ಕುಳಿತಾಗ ಹುಟ್ಟುವುದಷ್ಟೇ ನಿಜವಾದ ಸಂಗೀತ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಸ್ಸಿನಲ್ಲಿ ತೋಡಿ ರಾಗ ಕೇಳುವವರನ್ನು ರಸಿಕರೆನ್ನಲಾಗದು. ಆದ್ದರಿಂದ ಅಂಕಣವನ್ನು ನಿಲ್ಲಿಸಿ ಆ ಪುಟಗಳನ್ನು ಸಂಗೀತ ಕಚೇರಿಗಳ ವರದಿಗೆ ಕೊಡಬೇಕು ಎಂಬುದು ತಮ್ಮ ಸಲಹೆ. ಅಂಕಣವನ್ನು ನಿಲ್ಲಿಸುವುದಿಲ್ಲ. ಏಕೆಂದು ವಿವರವಾಗಿ ಹೇಳುವುದು ನನ್ನ ಕರ್ತವ್ಯ.

ಕಚೇರಿಯ ಬಗ್ಗೆ ತಾವು ಹೇಳಿದ್ದರಲ್ಲಿ ಬಹುಪಾಲನ್ನು ಒಪ್ಪುತ್ತೇನೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮನವಮಿಯ ಕಚೇರಿ ಕೇಳಿದವರಿಗೆ, ಮುಂದಿನ ಸಾಲಿನ ಹಿರಿಯರೊಬ್ಬರು ತಾಳ ಹಾಕುತ್ತ ತಲೆದೂಗಿದ ಒಂದೇ ಕಾರಣಕ್ಕೆ ಹಾಡುಗಾರರು ನೆರವಲನ್ನು, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದನ್ನು, ಇನ್ನೆರಡು ಆವರ್ತ ಬೆಳೆಸುವುದು ಗೊತ್ತಿರುತ್ತದೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ಕುಳಿತವರಿಗೆ, ಬೆಳಗಿನ ಜಾವದ ರಾಗವನ್ನು ಬೆಳಗಿನ ಜಾವದಲ್ಲೇ, ಅದೂ ರಾತ್ರಿಯಿಡೀ ಬೇರೆ ರಾಗಗಳಲ್ಲಿ ಪಳಗಿದ ಕಿವಿಯಿಂದ ಕೇಳುವುದು ಎಂಥ ಅನುಭವವೆಂಬುದೂ ಗೊತ್ತಿರುತ್ತದೆ. ಯಾವ ಮುದ್ರಿಕೆಯೂ ಅದನ್ನು ಕೊಡಲಾರದು. ಆದರೆ ತಾವು ಕಚೇರಿಯನ್ನು ಯಂತ್ರ ಸೋಂಕದ ಜಾಗವೆಂದು ಬಗೆದಂತಿದೆ; ಅದು ಹಾಗಿಲ್ಲ. ಮೈಕು ಬರುವ ಮುನ್ನ ಹಿಂದಿನ ಸಾಲಿಗೆ ಕೇಳಿಸಲೆಂದು ಏರುಶ್ರುತಿಯಲ್ಲಿ ಹಾಡುತ್ತಿದ್ದವರು ಮೈಕು ಬಂದ ಮೇಲೆ ಶ್ರುತಿ ಇಳಿಸಿದರು. ಮಂದ್ರದ ಮೆಲುದನಿಯ ಸಂಚಾರಗಳಿಗೆ ವೇದಿಕೆಯಲ್ಲಿ ಬೆಲೆ ಬಂದದ್ದೇ ಆಗ. ಇಂದು ಎಷ್ಟೋ ವೇದಿಕೆಗಳಲ್ಲಿ ತಂಬೂರಿಯ ನಾದ ಹೊರಡುವುದು ಬೆಂಗಳೂರಿನ ಜಿ. ರಾಜ್ ನಾರಾಯಣರು ರೂಪಿಸಿದಂಥ ಎಲೆಕ್ಟ್ರಾನಿಕ್ ಪೆಟ್ಟಿಗೆಯಿಂದ. ಅದನ್ನು ಕೇಳಿ ನಾವು ಯಾರೂ ಎದ್ದು ಹೋಗಿಲ್ಲ.

ಇನ್ನು ಗ್ರಾಮಫೋನ್ ತಟ್ಟೆಯ ವಿಚಾರ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗ ಆಕೆಗೆ ಸಿಕ್ಕ ಅವಧಿ ಸುಮಾರು ಮೂರು ನಿಮಿಷ. ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದ್ದು ಜಂಬದಿಂದಲ್ಲ. ಮೂಲಮುದ್ರೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗುತ್ತಿದ್ದುದರಿಂದ, ಯಾರ ಹಾಡು ಯಾವುದೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಬೇಕಿತ್ತು. 1925ರ ಸುಮಾರಿಗೆ ವಿದ್ಯುತ್ ಮೈಕು ಬರುವ ತನಕ ಗಾಯಕರು ದೊಡ್ಡ ಕೊಳವೆಯೊಂದಕ್ಕೆ ಮುಖ ಕೊಟ್ಟು ಏರುದನಿಯಲ್ಲಿ ಹಾಡಬೇಕಾಗುತ್ತಿತ್ತು. ಗಂಟೆಗಟ್ಟಲೆ ಅರಳಬೇಕಾದ ಖಯಾಲೆಂಬ ಹಿಂದೂಸ್ತಾನಿ ಗಾಯನಪ್ರಕಾರವನ್ನು ಮೂರು ನಿಮಿಷಕ್ಕೆ ಇಳಿಸುವುದೆಂದರೆ ಕತ್ತರಿಸುವುದಲ್ಲ, ಹೊಸದಾಗಿ ಕಟ್ಟುವುದು. ಆಲಾಪದ ಸಾರವನ್ನು ಮೊದಲ ಕೆಲವು ಸ್ವರಗಳಲ್ಲೇ ಹೇಳಿಬಿಡಬೇಕು, ಬಂದಿಶಿನ, ಅಂದರೆ ರಚನೆಯ, ಮೊದಲ ಸೊಲ್ಲಾದ ಮುಖಡಾ ಕೂಡಲೇ ಬರಬೇಕು, ವೇಗದ ಸ್ವರಸರಣಿಗಳಾದ ತಾನುಗಳಿಗೆ ಜಾಗ ಉಳಿಯಬೇಕು, ಸೂಜಿ ತಟ್ಟೆಯ ನಡುವಿಗೆ ಬರುವ ಮೊದಲು ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ನಿಲ್ಲಬೇಕು. ಇದು ಮೈಫಿಲಿನ, ಅಂದರೆ ಹಿಂದೂಸ್ತಾನಿ ಕಚೇರಿಯ, ವಿದ್ಯೆಯಲ್ಲ. ಬೇರೆಯೇ ಒಂದು ವಿದ್ಯೆ. ತಾವು ಹೇಳುವ ಭಾವಚಿತ್ರದ ಹೋಲಿಕೆ ನಿಲ್ಲುವುದಿಲ್ಲ, ಏಕೆಂದರೆ ಭಾವಚಿತ್ರಕ್ಕೆ ಮೂಲವಾಗಿ ಒಬ್ಬ ಮನುಷ್ಯ ಇರಬೇಕು. ಈ ಮೂರು ನಿಮಿಷದ ರಚನೆಗೆ ತಟ್ಟೆಯ ಹೊರಗೆ ಮೂಲವೇ ಇರಲಿಲ್ಲ.

ತಟ್ಟೆ ಕಚೇರಿಯನ್ನು ಕೊಂದಿತು ಎನ್ನುತ್ತೀರಿ. ಗದಗಿನ ಹುಡುಗ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿಯ ತಟ್ಟೆಯನ್ನು ಕೇಳಿ, ಹಾಗೆ ಹಾಡಲು ಕಲಿಯಲೇಬೇಕೆಂದು 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಮನೆ ಬಿಟ್ಟು ಹೋದ ಸಂಗತಿಯನ್ನು ತಾವೂ ಬಲ್ಲಿರಿ. ಗುರುವನ್ನು ಹುಡುಕುತ್ತ ಗ್ವಾಲಿಯರ್, ಕಲ್ಕತ್ತೆ, ಜಲಂಧರ ಸುತ್ತಿ ಕೊನೆಗೆ ಅವರು ಬಂದು ಸೇರಿದ್ದು ಮನೆಯಿಂದ ದೂರವೇನೂ ಇಲ್ಲದ ಕುಂದಗೋಳಕ್ಕೆ, ಅದೇ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿಗೆ. ಮೂರು ನಿಮಿಷದ ತಟ್ಟೆಯೊಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಮೈಫಿಲುಗಳಿಗೆ ಕಾರಣವಾಯಿತು ಎಂದರೆ ಅತಿಶಯೋಕ್ತಿಯಲ್ಲ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರಂತೂ ಬಾಲ್ಯದಲ್ಲಿ ದೊಡ್ಡ ಉಸ್ತಾದರ ತಟ್ಟೆಗಳನ್ನು ಕೇಳಿ ಕಂಠದ ಸಣ್ಣ ಕುಸುರಿಗಳಾದ ಹರಕತ್ತುಗಳ ಸಮೇತ ಹಾಗೆಯೇ ಹಾಡಿ ತೋರಿಸಿ ಹೆಸರಾದವರು. ಆ ಅನುಕರಣೆಯಿಂದ ಹೊರಬಂದು ತಮ್ಮದೇ ದಾರಿ ಹುಡುಕಲು ಅವರಿಗೆ ಮುಂಬಯಿಯಲ್ಲಿ ಬಿ. ಆರ್. ದೇವಧರರ ಶಿಕ್ಷಣ ಬೇಕಾಯಿತು ಎಂಬುದನ್ನು ತಮ್ಮ ಪಕ್ಷಕ್ಕೆ ಸೇರಿಸಿಕೊಳ್ಳಬಹುದು, ನನ್ನ ಅಭ್ಯಂತರವಿಲ್ಲ.

ತಟ್ಟೆ ಮತ್ತೊಂದು ಕೆಲಸವನ್ನೂ ಮಾಡುತ್ತದೆ. ಗಂಗೂಬಾಯಿ ಹಾನಗಲ್ಲರ ಗಂಭೀರವಾದ, ಗಂಡುದನಿಯೆನಿಸುವ ಕಂಠವನ್ನು ಕಚೇರಿಗಳಲ್ಲಿ ಕೇಳಿದ ತಲೆಮಾರಿಗೆ ಆ ಧ್ವನಿಯೇ ಗಂಗೂಬಾಯಿ. ಆದರೆ ಮೂವತ್ತರ ದಶಕದಲ್ಲಿ ಎಚ್‌ಎಂವಿ ಎಂಬ ತಟ್ಟೆ ಕಂಪನಿಗಾಗಿ ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಅವರು ಕೊಟ್ಟ ತಟ್ಟೆಗಳಲ್ಲಿರುವುದು ತೆಳುವಾದ, ಚುರುಕಾದ, ತಾರಕ್ಕೆ ಸಲೀಸಾಗಿ ಏರುವ ದನಿ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಕಂಠ ಬದಲಾಯಿತು. ಬದಲಾದ ಕಂಠಕ್ಕೆ ತಕ್ಕ ಗಾಯನವನ್ನು ಅವರು ಹೊಸದಾಗಿ ಕಟ್ಟಿಕೊಂಡರು. ಆ ತಟ್ಟೆಗಳು ಇಲ್ಲದಿದ್ದರೆ ಅವರು ಏನನ್ನು ಕಳೆದುಕೊಂಡು ಏನನ್ನು ಗಳಿಸಿದರೆಂದು ಅಳೆಯಲು ನಮಗೆ ದಾರಿಯೇ ಇರುತ್ತಿರಲಿಲ್ಲ.

‘ಒಂದೇ ಸೂರಿನಡಿ’ ಎಂದು ತಾವು ಬರೆದಿದ್ದೀರಿ. ಆ ಸೂರಿನಡಿ ಯಾರಿಗೆ ಪ್ರವೇಶವಿತ್ತು ಎಂಬ ಪ್ರಶ್ನೆಯನ್ನು ತಮ್ಮ ಪತ್ರ ಕೇಳುವುದಿಲ್ಲ, ಮತ್ತು ನಮ್ಮಿಬ್ಬರ ಭಿನ್ನಾಭಿಪ್ರಾಯದ ತಿರುಳು ಇರುವುದು ಇಲ್ಲಿಯೇ. ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರು ತಮ್ಮ ಸಂಪಾದನೆಯನ್ನು ಸುರಿದು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಆದರೆ ಅಲ್ಲಿಯ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಅವರು ಹೆಂಗಸರದೇ ಬೇರೆ ಕೂಟ ಕಟ್ಟಿ ವರ್ಷಗಳ ಕಾಲ ಜಗ್ಗಾಡಿದ ಮೇಲೆ, ನಲವತ್ತರ ದಶಕದ ಹೊತ್ತಿಗೆ, ಆ ಬಾಗಿಲು ತೆರೆಯಿತು. ಗ್ರಾಮಫೋನ್ ಕಂಪನಿಗಳು ಅದಕ್ಕೆ ಎಷ್ಟೋ ಮೊದಲೇ ಅವರ ಹಾಡನ್ನು ಮುದ್ರಿಸಿ ಮಾರಿದ್ದವು. ಕಂಪನಿಯವರು ಸಮಾಜ ಸುಧಾರಕರಾಗಿರಲಿಲ್ಲ, ಅವರಿಗೆ ಬೇಕಾಗಿದ್ದುದು ವ್ಯಾಪಾರ. ಆದರೂ ವೇದಿಕೆಗೆ ಬೇಡವಾದ ಕಂಠ ಅಗ್ರಹಾರದ ಜಗುಲಿಗೂ ತಲುಪಿದ್ದು ತಟ್ಟೆಯ ಮೂಲಕವೇ.

ದೂರವೂ ಒಂದು ಬಾಗಿಲು. ಮೈಸೂರಿನ ಜಯಚಾಮರಾಜ ಒಡೆಯರ್ ಅವರಲ್ಲಿ ಪಾಶ್ಚಾತ್ಯ ಸಂಗೀತದ ತಟ್ಟೆಗಳ ಭಾರಿ ಸಂಗ್ರಹವಿತ್ತು. ರಷ್ಯಾದ ರಚನಕಾರ ನಿಕೊಲಾಯ್ ಮೆಟ್‌ನರ್ ಮುಪ್ಪಿನಲ್ಲಿ ಲಂಡನ್ನಿನಲ್ಲಿದ್ದಾಗ ಅವರ ಕೃತಿಗಳನ್ನು ಅವರಿಂದಲೇ ಮುದ್ರಿಸಲು ಹಣ ಕೊಟ್ಟವರೂ ಒಡೆಯರೇ. ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕಚೇರಿಗೆ ಬಂದಾಗ ಅದರ ಖರ್ಚಿಗೆ ಹೊಣೆಯಾದದ್ದೂ ಅವರು. ಅವರು ಅಲ್ಲಿ ಹಾಜರಿರಲಿಲ್ಲ. ಮೈಸೂರಿನಲ್ಲಿ ಕುಳಿತು ಕೇಳಲೆಂದು ಆ ಕಾರ್ಯಕ್ರಮವನ್ನು ಮುದ್ರಿಸಿ ಕಳಿಸುವ ಏರ್ಪಾಡಾಗಿತ್ತು. ಈಗ ಸಿಗುವ ಆ ಮುದ್ರಣದ ಗುಣಮಟ್ಟ ತೀರ ಕಳಪೆ, ಗರಗರ ಸದ್ದಿನ ನಡುವೆ ಗಾಯಕಿ ಕರ್‌ಸ್ಟನ್ ಫ್ಲಾಗ್‌ಸ್ಟಾಡರ ಕಂಠವನ್ನು ಹುಡುಕಿಕೊಂಡು ಕೇಳಬೇಕು. ಆದರೂ ಆ ಸಂಜೆಯ ನಾದವೆಂದು ಲೋಕಕ್ಕೆ ಉಳಿದಿರುವುದು ಅದೇ. ಕನ್ನಡ ಬಲ್ಲ ಅರಸರೊಬ್ಬರು ಸಭಾಂಗಣದಲ್ಲಿ ಇರಲಾಗದ್ದರಿಂದ ಅದು ಉಳಿಯಿತು. ಸ್ವತಃ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ಕರ್ನಾಟಕ ಶೈಲಿಯಲ್ಲಿ ರಚಿಸಿದ ಅವರನ್ನು, ತಟ್ಟೆ ಕೇಳಿದರೆಂಬ ಕಾರಣಕ್ಕೆ ರಸಿಕರಲ್ಲವೆಂದು ತಾವು ಹೇಳಲಾರಿರಿ.

ಇಷ್ಟಾಗಿಯೂ ನಾವಿಬ್ಬರೂ ವಾದಿಸುತ್ತಿರುವುದು ಹಾಡುವವರೊಬ್ಬರು, ಕೇಳುವವರು ಇನ್ನೊಬ್ಬರು ಎಂಬ ಸಂಗೀತದ ಬಗ್ಗೆ ಮಾತ್ರ. ಕೇಳುವವರೇ ಇಲ್ಲದ ಸಂಗೀತ ನಮ್ಮಲ್ಲಿ ಅದಕ್ಕಿಂತ ಹೆಚ್ಚಾಗಿತ್ತು. ಬೀಸುವ ಕಲ್ಲಿನ ಮುಂದೆ ಎದುರುಬದುರು ಕುಳಿತ ಇಬ್ಬರಲ್ಲಿ ಒಬ್ಬಳು ತ್ರಿಪದಿ ಎತ್ತಿದರೆ ಇನ್ನೊಬ್ಬಳು ಸೊಲ್ಲು ಹಿಡಿಯುತ್ತಿದ್ದಳು; ಕಲ್ಲಿನ ಸುತ್ತೇ ತಾಳ. ಉತ್ತರ ಕರ್ನಾಟಕದ ಕಣಗಳಲ್ಲಿ ರಾತ್ರಿಯ ಹೊತ್ತು ಎತ್ತುಗಳ ಹಂತಿ ಹೂಡಿ ತೆನೆ ತುಳಿಸುವಾಗ ಹಾಡುತ್ತಿದ್ದ ಹಂತಿಯ ಪದಗಳಿಗೆ ಸಭಿಕರೆಂದರೆ ಅದೇ ಕಣದ ಕೆಲಸಗಾರರು ಮತ್ತು ಎತ್ತುಗಳು. ಹಲಸಂಗಿಯ ಗೆಳೆಯರು ಇಂಥ ಹೆಣ್ಣುಮಕ್ಕಳ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಪದಗಳು ಉಳಿದವು, ಹಾಡಿದವರ ಧಾಟಿ, ಉಸಿರಿನ ನಿಲುಗಡೆ, ಒಬ್ಬಳ ದನಿ ಇನ್ನೊಬ್ಬಳ ದನಿಗೆ ಕೂಡುವ ಜಾಗ ಪುಸ್ತಕಕ್ಕೆ ಇಳಿಯಲಿಲ್ಲ. ಅದೇ ದಶಕದಲ್ಲಿ ಗ್ರಾಮಫೋನ್ ಕಂಪನಿಗಳು ಧಾರವಾಡ, ಹುಬ್ಬಳ್ಳಿಯ ಗಾಯಕರನ್ನೂ ನಾಟಕದ ನಟನಟಿಯರನ್ನೂ ಹುಡುಕಿ ಮುದ್ರಿಸುತ್ತಿದ್ದವು. ಬೀಸುವವರ ಹಾಡಿಗೆ ಮಾರುಕಟ್ಟೆ ಇದ್ದೀತೆಂದು ಅವಕ್ಕೆ ಅನ್ನಿಸಲಿಲ್ಲ. ಮುಂದೆ ಟೇಪ್ ರೆಕಾರ್ಡರ್ ಹಿಡಿದು ಜಾನಪದ ಸಂಗ್ರಹಕಾರರು ಹೋಗುವ ಹೊತ್ತಿಗೆ ಹಿಟ್ಟಿನ ಗಿರಣಿ ಬಂದಾಗಿತ್ತು. ಕಲ್ಲಿಲ್ಲದೆ, ಸುಮ್ಮನೆ ಕುಳಿತು, ಯಂತ್ರದ ಮುಂದೆ ಹಾಡಿದ ಬೀಸುವ ಪದದಲ್ಲಿ ಲಯ ನಿಂತಲ್ಲಿ ನಿಲ್ಲುವುದಿಲ್ಲ. ಮುದ್ರಣ ಹೆಚ್ಚಾಯಿತೆಂದು ತಾವು ದೂರುತ್ತೀರಿ. ಈ ಹಾಡುಗಳ ಮಟ್ಟಿಗೆ ನನ್ನ ದೂರು, ಮುದ್ರಣ ತಡವಾಯಿತು ಎಂಬುದು.

ಬಸ್ಸಿನ ಹುಡುಗರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ತೋಡಿಯನ್ನು ಇಪ್ಪತ್ತು ಸಲ ಕೇಳುವ ಸೌಕರ್ಯ ನಮ್ಮ ಅಜ್ಜಂದಿರಿಗೆ ಇರಲಿಲ್ಲ. ಅದರಿಂದ ಕಿವಿ ಕೆಟ್ಟಿತೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಪತ್ರದ ಕೊನೆಯಲ್ಲಿ ತಾವು ಎತ್ತಿದ ಇನ್ನೊಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ: ಕಚೇರಿಯಲ್ಲಿ ಪಿಟೀಲಿನವರು, ಮೃದಂಗದವರು ಕಣ್ಣೆದುರಿಗೇ ಇರುತ್ತಾರೆ, ತಾಳವಾದ್ಯದವರು ತಾವೇ ನುಡಿಸುವ ತನಿ ಆವರ್ತನಕ್ಕೆ ಚಪ್ಪಾಳೆ ಅವರಿಗೇ ಬೀಳುತ್ತದೆ, ಮುದ್ರಿಕೆಯಲ್ಲಿ ಅವರಿಗೆ ಹೆಸರೇ ಇರುವುದಿಲ್ಲ. ಹಳೆಯ 78 ಆರ್‌ಪಿಎಂ ತಟ್ಟೆಗಳ ಲೇಬಲಿನಲ್ಲಿ ಗಾಯಕರ ಹೆಸರಿನ ಕೆಳಗೆ ರಾಗ, ತಾಳ ಇರುತ್ತಿತ್ತು, ಪಕ್ಕವಾದ್ಯದವರು ಬಹುಮಟ್ಟಿಗೆ ಇರುತ್ತಿರಲಿಲ್ಲ. ಫೋನಿನ ಆ್ಯಪುಗಳಲ್ಲಿ ಆ ಪದ್ಧತಿ ಇಂದಿಗೂ ನಡೆದಿದೆ. ಮುಂದಿನ ಸಂಚಿಕೆಯಿಂದ ನಮ್ಮ ಪ್ರತಿ ವಿಮರ್ಶೆಯ ತಲೆಯಲ್ಲಿ ಪಕ್ಕವಾದ್ಯದವರೆಲ್ಲರ ಹೆಸರು, ಮುದ್ರಣದ ಸ್ಥಳ ಹಾಗೂ ವರ್ಷವನ್ನು ಕೊಡುತ್ತೇವೆ. ಮುದ್ರಿಸಿದವರು ಹೆಸರು ಕೊಟ್ಟಿಲ್ಲವಾದರೆ ಕೊಟ್ಟಿಲ್ಲವೆಂದೇ ಅಚ್ಚಾಗುತ್ತದೆ.

ಕಚೇರಿಗಳ ವರದಿಗೂ ಎರಡು ಪುಟ ಹೆಚ್ಚಿಸಿದ್ದೇವೆ. ತಮ್ಮೂರಿನ ಸಭೆಯ ಈ ಸಾಲಿನ ಉತ್ಸವವನ್ನು ಕುರಿತು ತಾವೇ ಬರೆದು, ಉತ್ಸವ ಮುಗಿದ ವಾರದೊಳಗೆ ಕಳಿಸಿದರೆ ಸಂತೋಷ. ಅಧ್ಯಕ್ಷ ಭಾಷಣದ ಸಾರಾಂಶ ಬೇಡ. ಏನನ್ನು ಹಾಡಿದರು, ಹೇಗೆ ಹಾಡಿದರು ಎಂಬುದಿದ್ದರೆ ಸಾಕು.

— ಸಂಪಾದಕ