ವೀಲ್‌ಚೇರ್‌ನಲ್ಲಿ ಕೂತೇ ಮಾಡುವ ವ್ಯಾಯಾಮದ ಬಗ್ಗೆ

ನಮಸ್ಕಾರ. ತಮ್ಮನಿಗೆ ಬೆನ್ನುಹುರಿಗೆ ಪೆಟ್ಟಾಗಿ ಎರಡು ವರ್ಷದಿಂದ ವೀಲ್‌ಚೇರ್, ತೂಕ ಜಾಸ್ತಿಯಾಗಿದೆ, ಮಂಡ್ಯದ ಮನೆಯಲ್ಲೇ ಏನು ಮಾಡಿಸಬಹುದು ಅಂತ ಕೇಳಿದ್ದೀರಿ.

ಖಂಡಿತ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಅಂಗವಿಕಲರಿಗೂ ವಾರಕ್ಕೆ ಕನಿಷ್ಠ 150 ನಿಮಿಷ ಅಂತಲೇ ಇದೆ. ಶುರುವಿಗೆ ದಿನಕ್ಕೆ ಹತ್ತು ನಿಮಿಷ ಸಾಕು. ಅದಕ್ಕೂ ಮೊದಲು ಮಿಮ್ಸ್‌ನಲ್ಲಿ (ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ವೈದ್ಯರಿಗೆ ಒಮ್ಮೆ ತೋರಿಸಿ.

ಅವರ ಭುಜ ಕಾಪಾಡಿ, ಇದು ಮುಖ್ಯ. ಗಾಲಿ ತಳ್ಳಿ ತಳ್ಳಿ ಎದೆಯ ಕಡೆಯ ಸ್ನಾಯು ಬಿಗಿಯಾಗುತ್ತದೆ, ಬೆನ್ನಿನ ಕಡೆಯದು ಸೋಲುತ್ತದೆ. ಹಾಗಾಗಿ ಎಳೆಯುವ ವ್ಯಾಯಾಮ ಬೇಕು. ವ್ಯಾಯಾಮದ ರಬ್ಬರ್ ಪಟ್ಟಿಯನ್ನು ಕಿಟಕಿ ಸರಳಿಗೆ ಗಟ್ಟಿಯಾಗಿ ಕಟ್ಟಿ. ಬ್ರೇಕ್ ಹಾಕಿ, ಎರಡೂ ಕೈಯಿಂದ ನಿಧಾನವಾಗಿ ಎದೆಯ ಕಡೆ ಎಳೆಯಲಿ. ಹತ್ತು ಸಲ, ವಾರಕ್ಕೆ ಎರಡು ಮೂರು ದಿನ. ಭುಜ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ.

ಪೆಟ್ಟು ಎದೆಯ ಮಧ್ಯದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿದ್ದರೆ ಬೆವರು ಸರಿಯಾಗಿ ಬರುವುದಿಲ್ಲ, ಮೈ ಬೇಗ ಕಾಯುತ್ತದೆ. ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ವಾ? ಬೆಳಗ್ಗೆಯೇ ಮುಗಿಸಿ. ಇದ್ದಕ್ಕಿದ್ದಂತೆ ಜೋರು ತಲೆನೋವು, ಮುಖ ಕೆಂಪಾದರೆ ನೇರ ಕೂರಿಸಿ, ಮೂತ್ರ ಕಟ್ಟಿದೆಯಾ ನೋಡಿ (ಅದರಿಂದಲೂ ಇಂಥವರಿಗೆ ರಕ್ತದೊತ್ತಡ ದಿಢೀರ್ ಏರಿ ಹೀಗಾಗುತ್ತದೆ), ಕಡಿಮೆಯಾಗದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಕೂತು ಕೂತು ಹುಣ್ಣಾಗದಂತೆ, ರಾತ್ರಿ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯಾ ಅಂತ ದಿನಾ ನೋಡಿ. ತಮ್ಮ ಒಪ್ಪಿದರೆ ಮೈಸೂರಿನ ಕುಕ್ಕರಹಳ್ಳಿ ಕೆರೆಗೂ ಒಮ್ಮೆ ಕರೆದುಕೊಂಡು ಹೋಗಿ, ಹೊರಗಿನ ಗಾಳಿಯೂ ಬೇಕಲ್ವಾ.