ಜ್ಯೂರಿಯನ್ನು ದೂರುವ ಮುನ್ನ

ಶಿವಮೊಗ್ಗದ ನಿವೃತ್ತ ಅಧ್ಯಾಪಕರೊಬ್ಬರು ಬರೆದಿದ್ದಾರೆ: ‘ಆರೋಪಿ ತಪ್ಪಿತಸ್ಥನೇ ಎಂದು ತೀರ್ಮಾನಿಸಲು ಜ್ಯೂರಿಯಾಗಿ ಕೂರುವ, ಕಾನೂನು ಓದದ ಹನ್ನೆರಡು ಜನ ಸಾಕ್ಷ್ಯವನ್ನು ತೂಗಿ ನೋಡುವುದಿಲ್ಲ, ಚೆನ್ನಾಗಿ ಹೇಳಿದ ಕಥೆಗೆ ಮರುಳಾಗುತ್ತಾರೆ ಎಂದು ಅಮೆರಿಕದ ಮನೋವಿಜ್ಞಾನಿಗಳೇ ತೋರಿಸಿದ್ದಾರೆ. ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆ ಅಧಿಕಾರಿ ನಾನಾವತಿಯ ಪ್ರಕರಣದ ದೆಸೆಯಿಂದ ನಮ್ಮಲ್ಲಿ ಜ್ಯೂರಿ ಹೋದದ್ದು ಒಳ್ಳೆಯದೇ ಆಯಿತಲ್ಲವೇ?’

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ನೀವು ನೆನೆದಿರುವುದು ನ್ಯಾನ್ಸಿ ಪೆನಿಂಗ್ಟನ್ ಮತ್ತು ರೀಡ್ ಹೇಸ್ಟಿ ಅವರ ಸಂಶೋಧನೆಯನ್ನು. 1988ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಪ್ರಾಸಿಕ್ಯೂಷನ್ ಸಾಕ್ಷ್ಯವನ್ನು ಘಟನೆ ನಡೆದ ಕ್ರಮದಲ್ಲೂ ಆರೋಪಿಯ ಪರವಾದದ್ದನ್ನು ಸಾಕ್ಷಿಗಳು ಬಂದುಹೋದ ಕ್ರಮದಲ್ಲೂ ಕೇಳಿದವರ ಪೈಕಿ ಶೇ 78 ಮಂದಿ ಕೊಲೆಯೆಂದು ತೀರ್ಮಾನಿಸಿದರು. ಕ್ರಮವನ್ನು ಅದಲುಬದಲು ಮಾಡಿದಾಗ ಹಾಗೆಂದವರು ಶೇ 31 ಮಾತ್ರ. ಇದು ಕಳವಳದ ಸಂಗತಿಯೇ.

ಆದರೆ ಆ ವಿದ್ವಾಂಸರು ಕಂಡುಕೊಂಡದ್ದು ಇಷ್ಟೇ ಅಲ್ಲ. ಅವರು ಬಳಸಿದ ಪ್ರಕರಣವನ್ನೇ ನೋಡಿ: ಮಧ್ಯಾಹ್ನ ಬಾರೊಂದರಲ್ಲಿ ಒಬ್ಬ ಇನ್ನೊಬ್ಬನಿಗೆ ಕ್ಷೌರದ ಕತ್ತಿ ತೋರಿಸಿ ಬೆದರಿಸುತ್ತಾನೆ, ಬೆದರಿಸಿಕೊಂಡವನು ಸಂಜೆ ಗೆಳೆಯನೊಂದಿಗೆ ಮರಳಿ ಬರುತ್ತಾನೆ, ಹೊರಗೆ ಕೈಕೈ ಮಿಲಾಯಿಸಿ, ಬೆದರಿಸಿದವನೇ ಇರಿತಕ್ಕೆ ಸಿಕ್ಕಿ ಸಾಯುತ್ತಾನೆ. ಇರಿದವನ ಬಳಿ ಚಾಕು ಏಕಿತ್ತು? ಸೇಡಿಗೆಂದು ತಂದನೇ, ಎಂದಿನಂತೆ ಜೇಬಿನಲ್ಲಿತ್ತೇ? ಕೇಳುವವರು ಈ ಕೊಂಡಿಯನ್ನು ಹುಡುಕುತ್ತಾರೆ, ಬಿಟ್ಟುಹೋದದ್ದನ್ನು ತಮ್ಮ ಲೋಕಾನುಭವದಿಂದ ತುಂಬಿಕೊಳ್ಳುತ್ತಾರೆ, ಎಲ್ಲ ಸಾಕ್ಷ್ಯಕ್ಕೂ ಹೊಂದುವ ಕಥೆಯನ್ನು ಆರಿಸುತ್ತಾರೆ. ಇದನ್ನು ಮರುಳು ಎನ್ನುತ್ತೀರಾ? ಚದುರಿದ ಸಂಗತಿಗಳಿಂದ ಅರ್ಥ ಹೊರಡಿಸಲು ಮನುಷ್ಯನಿಗೆ ತಿಳಿದಿರುವ ದಾರಿಯೇ ಅದು, ನ್ಯಾಯಾಧೀಶರೂ ಮನುಷ್ಯರೇ. ಷಿಕಾಗೊ ವಿಶ್ವವಿದ್ಯಾಲಯದ ಹ್ಯಾರಿ ಕಾಲ್ವನ್ ಮತ್ತು ಹ್ಯಾನ್ಸ್ ಝೈಸೆಲ್ 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 3,576 ಕ್ರಿಮಿನಲ್ ವಿಚಾರಣೆಗಳ ಪೈಕಿ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚಿನವುಗಳಲ್ಲಿ ಜ್ಯೂರಿಯ ತೀರ್ಮಾನವೂ ನ್ಯಾಯಾಧೀಶರ ಅಭಿಪ್ರಾಯವೂ ಒಂದೇ ಆಗಿದ್ದವು.

ನಾನಾವತಿಯ ವಿಷಯದಲ್ಲಂತೂ ನೀವು ಎಲ್ಲರಂತೆ ಕೇಳಿದ್ದನ್ನು ನಂಬಿದ್ದೀರಿ. ಜ್ಯೂರಿ ಬೇಡವೆಂದು ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಹೇಳಿದ್ದು 1958ರಲ್ಲಿ. ಮುಂಬಯಿಯಲ್ಲಿ ಆ ಗುಂಡು ಹಾರಿದ್ದು 1959ರ ಏಪ್ರಿಲ್‌ನಲ್ಲಿ. ಆ ಪ್ರಕರಣದ ಜ್ಯೂರಿಯಲ್ಲಿದ್ದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ನಿರ್ದೋಷಿ ಎಂದದ್ದು ನಿಜ. ಆದರೆ ಸೆಷನ್ಸ್ ನ್ಯಾಯಾಧೀಶರು ಜ್ಯೂರಿಗೆ ಕಾನೂನನ್ನು ವಿವರಿಸುವಾಗಲೇ ತಪ್ಪು ನಿರ್ದೇಶನ ಕೊಟ್ಟಿದ್ದರೆಂದು ಹೈಕೋರ್ಟ್ ಕಂಡುಕೊಂಡಿತು, ಸುಪ್ರೀಂ ಕೋರ್ಟ್ 1961ರಲ್ಲಿ ಅದನ್ನು ಎತ್ತಿಹಿಡಿಯಿತು. ಅರವತ್ತು ವರ್ಷಗಳಿಂದ ಬೈಗುಳ ತಿನ್ನುತ್ತಿರುವವರು ಮಾತ್ರ ಆ ಎಂಟು ಜನ.

ಸಾಕ್ಷ್ಯದ ಕ್ರಮ ಕೆಟ್ಟರೆ ತೀರ್ಪು ಕೆಡುತ್ತದೆ ಎಂಬ ಚಿಂತೆ ನಿಮಗಿದ್ದರೆ ನಮ್ಮ ಕೋರ್ಟುಗಳನ್ನೇ ನೋಡಿ. ವಿಚಾರಣೆ ದಿನದಿಂದ ದಿನಕ್ಕೆ ಮುಂದುವರಿಯಬೇಕೆಂದು ಕಾನೂನು ಹೇಳುತ್ತದೆ. ನಡೆಯುವುದು ವಾಯಿದೆಯ ಮೇಲೆ ವಾಯಿದೆ. ವರದಿಗಾರನಾಗಿದ್ದಾಗ ಬದುವಿನ ಜಗಳವೊಂದು ಕೊಲೆಯಲ್ಲಿ ಮುಗಿದ ಪ್ರಕರಣವನ್ನು ಹಿಂಬಾಲಿಸಿದ್ದೆ. ಮೊದಲ ಸಾಕ್ಷಿಗೂ ಸತ್ತವನ ತಾಯಿಯ ಸಾಕ್ಷ್ಯಕ್ಕೂ ನಡುವೆ ಎರಡು ವರ್ಷ ಕಳೆದು, ನ್ಯಾಯಾಧೀಶರೂ ಬದಲಾಗಿದ್ದರು. ಮಗನನ್ನು ಹೊಡೆದವನು ಕುಡುಗೋಲನ್ನು ಯಾವ ಕೈಯಲ್ಲಿ ಹಿಡಿದಿದ್ದನೆಂದು ವಕೀಲರು ಕೇಳಿದಾಗ ಆ ತಾಯಿ ಕಟಕಟೆಯಲ್ಲಿ ನಿಂತು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಹೊಸ ನ್ಯಾಯಾಧೀಶರು ಹಿಂದಿನವರು ಬರೆಸಿದ್ದ ಹೇಳಿಕೆಗಳ ಹಾಳೆ ತಿರುವುತ್ತಿದ್ದರು.

ನಿಮ್ಮೂರಿನ ಜಿಲ್ಲಾ ನ್ಯಾಯಾಲಯದಲ್ಲಿ ಒಂದು ದಿನ ಕುಳಿತು ಬನ್ನಿ, ಮೇಷ್ಟ್ರೇ. ಕಂಡದ್ದನ್ನು ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.