ಪಗಾರ ಇಲ್ಲದ ಕೆಲಸಕ್ಕೆ ಅಷ್ಟು ದೂರ ಯಾಕೆ?

ತಂಗಿ, ನಿನ್ನ ಪ್ರಶ್ನೆ ಓದಿದೆ. ವಿಜಯಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಯಜಮಾನರ ಜೊತೆ ಅವರ ನೌಕರಿಯಿಂದಾಗಿ ಹೆಂಡತಿಗೆ ಸಿಗುವ ಎಚ್-4 ವೀಸಾದ ಮೇಲೆ ಫೆಬ್ರುವರಿಗೆ ಅಮೆರಿಕದ ಪೋರ್ಟ್‌ಲ್ಯಾಂಡ್‌ಗೆ ಹೊರಟಿದ್ದೇನೆ ಅಂದಿದ್ದೀಯ. ಅಲ್ಲಿಯ ಒರೆಗಾನ್ ರಾಜ್ಯದ ಕಡಲ ದಂಡೆಯಲ್ಲಿ ನಿಂತು, ಬಂದವರಿಗೆ ಹಕ್ಕಿ, ಸೀಲ್ ತೋರಿಸುವ ಸೀಸನ್ ವಾಲಂಟಿಯರ್ ಕೆಲಸ ನನಗೆ ಆಗುತ್ತಾ ಅಂತ ಕೇಳಿದ್ದೀಯ. ಇಂಗ್ಲಿಷ್ ಅಷ್ಟಕ್ಕಷ್ಟೇ, ಸಮುದ್ರ ನೋಡಿದ್ದು ಗೋಕರ್ಣದಲ್ಲಿ ಮಾತ್ರ. ಪಗಾರ ಇಲ್ಲದ ಕೆಲಸಕ್ಕೆ ಅಷ್ಟು ದೂರ ಯಾಕೆ ಅಂತ ಅತ್ತೆಯವರ ತಕರಾರು ಬೇರೆ. ನಾನು ಬಾಗಲಕೋಟೆಯವಳು, ನವನಗರದವಳು. ಇಲ್ಲಿ ಬಂದು ನೆಲೆಯಾಗಿ ಬಹಳ ವರ್ಷವಾಯಿತು. ನೀನು ಕೇಳಿದ ಕೆಲಸವನ್ನೇ ಬೇಸಿಗೆ ಬಂದರೆ ಮಾಡುತ್ತೇನೆ.

ಮೊದಲು ವೀಸಾ ಮಾತು ಮುಗಿಸಿಬಿಡೋಣ. ಎಚ್-4 ಮೇಲೆ ಬಂದವರು ಕೆಲಸದ ಪರ್ಮಿಟ್ ಇಲ್ಲದೆ ದುಡಿಯುವಂತಿಲ್ಲ. ಯಜಮಾನರ ಗ್ರೀನ್ ಕಾರ್ಡ್ ಫೈಲು ಒಂದು ಹಂತ ದಾಟಿದ ಮೇಲೆ ಆ ಪರ್ಮಿಟ್ ಕೇಳಬಹುದು. 2015ರಿಂದ ಆ ಅವಕಾಶ ಇದೆ. ಅಲ್ಲಿಯವರೆಗೆ ನಿಜವಾದ ಸ್ವಯಂಸೇವೆಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಆದರೆ ಹುಷಾರು. ಕೆಲವು ಕಡೆ ವಾಲಂಟಿಯರ್‌ಗಳಿಗೆ ಪುಕ್ಕಟೆ ವಸತಿ, ದಿನದ ಖರ್ಚಿಗೆ ದುಡ್ಡು ಕೊಡುತ್ತಾರೆ. ಅದು ಪಗಾರದ ಲೆಕ್ಕಕ್ಕೆ ಬರಬಹುದು. ಕೈ ಮುಟ್ಟಬೇಡ. ಫಾರ್ಮಿನಲ್ಲಿ ವೀಸಾ ಬಗ್ಗೆ ಕೇಳಿದರೆ ಇದ್ದದ್ದು ಇದ್ದಹಾಗೆ ಬರೆ. ಯಜಮಾನರ ಕಂಪನಿಯ ವಕೀಲರನ್ನು ಒಂದು ಸಲ ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೋ. ಯಾರೋ ಗೆಳತಿ "ಏನೂ ಆಗಲ್ಲ ಬಿಡು" ಅಂದಳು ಅಂತ ನಂಬಬೇಡ.

ಇನ್ನು ಕೆಲಸ. ಪೋರ್ಟ್‌ಲ್ಯಾಂಡ್‌ನಿಂದ ಸುಮಾರು 80 ಮೈಲಿ ಪಶ್ಚಿಮಕ್ಕೆ ಕ್ಯಾನನ್ ಬೀಚ್ ಅಂತ ಪುಟ್ಟ ಊರು. ಅಲ್ಲಿ ದಂಡೆಯ ಮೇಲೇ 235 ಅಡಿ ಎತ್ತರದ ಒಂದು ಬಂಡೆ ನಿಂತಿದೆ, ಹೇಸ್ಟ್ಯಾಕ್ ರಾಕ್. ಕಡಲು ಹಿಂದೆ ಸರಿಯುವ ಇಳಿತದ ಹೊತ್ತಿಗೆ ಅದರ ಬುಡದವರೆಗೆ ನಡೆದು ಹೋಗಬಹುದು. ಅಲ್ಲಿ ಜನರಿಗೆ ತಿಳಿಸಿ ಹೇಳುವ ಕೆಲಸ 1985ರಿಂದ ನಡೆದಿದೆ, ಈಗ ಅದನ್ನು ನಡೆಸುವುದು ಊರಿನ ಆಡಳಿತವೇ. ಇದೇ ಬಗೆಯ ಕೆಲಸ ದಕ್ಷಿಣಕ್ಕೆ ನ್ಯೂಪೋರ್ಟ್ ಊರಿನ ಹತ್ತಿರ ಕಡಲೊಳಗೆ ಚಾಚಿಕೊಂಡಿರುವ ಯಾಕ್ವಿನಾ ಹೆಡ್‌ನಲ್ಲೂ ಇದೆ, ಬ್ಯಾಂಡನ್‌ನಲ್ಲೂ ಇದೆ.

ಬಂಡೆ ಯಾವುದು ಗೊತ್ತಾ? ಬಸಾಲ್ಟ್. ನಿಮ್ಮ ಗೋಳಗುಮ್ಮಟ ಕಟ್ಟಿದ ಕರಿಕಲ್ಲು. ನಮ್ಮ ಕಡೆಯದು ಸುಮಾರು ಆರೂವರೆ ಕೋಟಿ ವರ್ಷದ ಹಿಂದಿನ ಲಾವಾ. ಇಲ್ಲಿಯದು ಸುಮಾರು ಒಂದೂವರೆ ಕೋಟಿ ವರ್ಷದ್ದು, ಪೂರ್ವದಿಂದ ನೂರಾರು ಮೈಲಿ ಹರಿದು ಬಂದು ಕಡಲು ಸೇರಿದ್ದು. ಇದನ್ನು ಹೇಳಿದರೆ ಇಲ್ಲಿಯವರಿಗೂ ಖುಷಿ. ಯಾವ ಗುಮ್ಮಟ, ಎಲ್ಲಿದೆ ಅಂತ ಕೇಳುತ್ತಾರೆ.

ಇಂಗ್ಲಿಷ್ ಬಗ್ಗೆ ನಿನಗೆ ಹೆದರಿಕೆ ಅಲ್ವಾ? ಗೋಳಗುಮ್ಮಟದ ಗೈಡ್ ಏನು ಮಾಡುತ್ತಾನೆ ನೆನಪಿಸಿಕೋ. ಆಚೆ ಬದಿಗೆ ಹೋಗಿ ಸುಮ್ನೆ ಒಂದು ಕಾಗದ ಹರಿಯುತ್ತಾನೆ. ಈಚೆ ಗೋಡೆಗೆ ಕಿವಿ ಕೊಟ್ಟವನ ಮುಖ ಅರಳುತ್ತದೆ. ಇಲ್ಲಿಯೂ ಅಷ್ಟೇ, ಭಾಷಣಕ್ಕಿಂತ ತೋರಿಸುವುದು ಜಾಸ್ತಿ. ಸ್ಟ್ಯಾಂಡಿನ ಮೇಲೆ ದೊಡ್ಡ ದುರ್ಬೀನು ನಿಲ್ಲಿಸಿರುತ್ತೇವೆ. ಹಕ್ಕಿಗೆ ಗುರಿ ಹಿಡಿದು ಪಕ್ಕಕ್ಕೆ ಸರಿಯಬೇಕು. ಮಗು ಬಂದರೆ ಸ್ಟ್ಯಾಂಡಿನ ಕಾಲು ತಗ್ಗಿಸಬೇಕು. ಎರಡೂ ಕಣ್ಣು ಮುಚ್ಚಿಕೊಂಡು "ಕಾಣಿಸ್ತು" ಅನ್ನುವ ಮಕ್ಕಳು ಬಹಳ! ಒಂದು ಕಣ್ಣನ್ನು ನೀನೇ ಅಂಗೈಯಿಂದ ಮುಚ್ಚಬೇಕು. ಆಗ ಅವು ಒಮ್ಮೆ ಉಸಿರು ಎಳೆದುಕೊಳ್ಳುತ್ತವೆ ನೋಡು, ಅಲ್ಲಿಗೆ ನಿನ್ನ ಅರ್ಧ ಕೆಲಸ ಮುಗಿಯಿತು.

ತೋರಿಸುವುದಕ್ಕೇನೂ ಕಡಿಮೆ ಇಲ್ಲ. ಪಫಿನ್ ಹಕ್ಕಿ ಏಪ್ರಿಲ್ ಹೊತ್ತಿಗೆ ಬರುತ್ತದೆ. ಕಿತ್ತಳೆ ಬಣ್ಣದ ದಪ್ಪ ಕೊಕ್ಕು, ತಲೆಯ ಎರಡೂ ಕಡೆ ಹಳದಿ ಜುಟ್ಟು. ಬಂಡೆಯ ಮೇಲಿನ ಹುಲ್ಲಿನಲ್ಲಿ ಬಿಲ ತೋಡಿ ಒಂದೇ ಮೊಟ್ಟೆ ಇಡುತ್ತದೆ. ಆಗಸ್ಟ್ ಹೊತ್ತಿಗೆ ನಡುಗಡಲಿಗೆ ಹೋಗಿಬಿಡುತ್ತದೆ. ಈ ಕರಾವಳಿಯಲ್ಲಿ ಅವು ಬಹಳ ಕಡಿಮೆಯಾಗಿವೆ. ಜನ ಅದಕ್ಕೇ ಹುಡುಕಿಕೊಂಡು ಬರುತ್ತಾರೆ.

ನನಗೆ ಮಾತ್ರ ಮರ್ ಹಕ್ಕಿಯೇ ಇಷ್ಟ. ಕಪ್ಪು ಬೆನ್ನು, ಬಿಳಿ ಹೊಟ್ಟೆ. ಯಾಕ್ವಿನಾ ಹೆಡ್‌ನಲ್ಲಿ ಸಾವಿರಾರು ಹಕ್ಕಿಗಳು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ. ಪೆಂಗ್ವಿನ್ನಾ ಅಂತ ದಿನಕ್ಕೆ ಹತ್ತು ಜನ ಕೇಳುತ್ತಾರೆ, ಅಲ್ಲ ಅಂತ ನಗುನಗುತ್ತಾ ಹೇಳಬೇಕು. ಗೂಡೇ ಕಟ್ಟುವುದಿಲ್ಲ, ಬರಿ ಬಂಡೆಯ ಮೇಲೆ ಒಂದು ಮೊಟ್ಟೆ. ಮೊಟ್ಟೆಯ ಒಂದು ತುದಿ ಚೂಪು. ಒಂದರ ಬಣ್ಣ, ಗೀರು ಇನ್ನೊಂದಕ್ಕಿಲ್ಲ. ಮರಿಗೆ ಮೂರು ವಾರ ಆಗುತ್ತಿದ್ದ ಹಾಗೆ, ರೆಕ್ಕೆ ಇನ್ನೂ ಬಲಿತಿರುವುದಿಲ್ಲ, ಅಷ್ಟು ಎತ್ತರದಿಂದ ಕಡಲಿಗೆ ಹಾರಿಬಿಡುತ್ತದೆ. ಕೆಳಗೆ ನೀರಿನಲ್ಲಿ ಅಪ್ಪ ಕೂಗಿ ಕರೆಯುತ್ತಾನೆ. ಮುಂದೆ ವಾರಗಟ್ಟಲೆ ಮರಿ ಸಾಕುವವನು ಅವನೇ, ತಾಯಿಯಲ್ಲ. ಇದನ್ನು ಕೇಳಿದ ಗಂಡಸರ ಮುಖ ನೋಡಬೇಕು. ಹೆಂಗಸರದೂ!

ಬೋಳುತಲೆ ಹದ್ದು ಬಂದರೆ ಇಡೀ ಹಿಂಡು ಎದ್ದು ಹಾರುತ್ತದೆ. ಆ ಗದ್ದಲದಲ್ಲಿ ಗಲ್ ಅನ್ನುವ ಬೇರೆ ಕಡಲಕ್ಕಿಗಳು ನುಗ್ಗಿ ಮೊಟ್ಟೆ ಎತ್ತಿಕೊಂಡು ಹೋಗುತ್ತವೆ. ಮನುಷ್ಯ ಹತ್ತಿರ ಹೋದರೂ ಅದೇ ಗತಿ. ಅದಕ್ಕೇ ನಾವು ಅಲ್ಲಿ ನಿಲ್ಲುವುದು.

ಹೇಳಬೇಕಾದ ಇನ್ನೊಂದು ಮಾತು ಸೀಲ್ ಮರಿಯದು. ತಾಯಿ ಮರಿಯನ್ನು ಮರಳ ಮೇಲೆ ಬಿಟ್ಟು ಮೀನಿಗೆ ಹೋಗಿರುತ್ತದೆ, ಗಂಟೆಗಟ್ಟಲೆ ಬರುವುದಿಲ್ಲ. ನೋಡಿದವರು ಅನಾಥ ಅಂದುಕೊಂಡು ನೀರು ಹಾಕುತ್ತಾರೆ, ಟವೆಲ್ ಹೊದಿಸುತ್ತಾರೆ. ಸುತ್ತ ಜನ ನಿಂತರೆ ತಾಯಿ ಹತ್ತಿರ ಬರುವುದೇ ಇಲ್ಲ. 50 ಗಜ ದೂರ ಇರಿ ಅಂತ ಹೇಳಬೇಕು. 1972ರ ಕಾನೂನಿನ ಪ್ರಕಾರ ಅದನ್ನು ಮುಟ್ಟುವುದು, ಕಾಡುವುದು ಅಪರಾಧ. ಆದರೆ ಕಾನೂನು ಕೊನೆಗೆ ತೆಗೆಯುವ ಮಾತು. "ಅವರಮ್ಮ ನಿಮ್ಮನ್ನೇ ನೋಡ್ತಾ ಇದ್ದಾಳೆ" ಅಂದರೆ ಸಾಕು, ಎಂಥವರೂ ಹಿಂದೆ ಸರಿಯುತ್ತಾರೆ. ಹೈಸ್ಕೂಲಿನ ಮಕ್ಕಳನ್ನು ಸಂಭಾಳಿಸಿದವಳು ನೀನು, ಇದನ್ನು ಹೇಳಿಕೊಡಬೇಕಾಗಿಲ್ಲ.

ಎಲ್ಲ ಸಿಹಿಯಲ್ಲ. ಬೆಳಗಾವಿ ಮಳೆ, ಚಳಿ ಕಂಡವರಿಗೂ ಇಲ್ಲಿಯ ಗಾಳಿ ಹೊಸದು. ಜುಲೈನಲ್ಲೂ ನೀರು ಕೊರೆಯುತ್ತದೆ, ಮಂಜು ಬಂದರೆ ಬಂಡೆಯೇ ಕಾಣುವುದಿಲ್ಲ. ದುರ್ಬೀನಿನ ಗಾಜು ಒರೆಸಿ ಒರೆಸಿ ಸಾಕಾಗುತ್ತದೆ. ಬೇಸಿಗೆಯ ದೊಡ್ಡ ಇಳಿತಗಳು ಬೆಳಗಿನ ಜಾವವೇ, ಅಂದರೆ ನೀನು ಮನೆ ಬಿಡುವಾಗ ಕತ್ತಲು. ಹೇಳದೇ ಕೇಳದೇ ನುಗ್ಗುವ ಅಲೆಗಳಿವೆ, ಕಡಲಿಗೆ ಬೆನ್ನು ಕೊಟ್ಟು ನಿಲ್ಲಬಾರದು. ಬಂಡೆ ಸಂದಿಯ ನೀರಿನ ಗುಂಡಿಯಲ್ಲಿ ನಕ್ಷತ್ರ ಮೀನು ತೋರಿಸುವಾಗ, ಕಾಲಿಡುವುದು ಮರಳ ಮೇಲೆ ಅಥವಾ ಬರಿ ಕಲ್ಲಿನ ಮೇಲೆ ಮಾತ್ರ. 2013ರಿಂದ ಕರಗುವ ರೋಗ ತಗುಲಿ ಆ ಮೀನುಗಳು ಈ ಕರಾವಳಿಯುದ್ದಕ್ಕೂ ರಾಶಿ ರಾಶಿ ಸತ್ತಿವೆ.

ಇನ್ನೊಂದು ವಿಷಯ ಮುಚ್ಚಿಡುವುದಿಲ್ಲ. ಬ್ಯಾಡ್ಜ್ ಹಾಕಿಕೊಂಡು ನಾನು ಎದುರಿಗೇ ನಿಂತಿದ್ದರೂ ಪಕ್ಕದ ಬಿಳಿಯ ಅಜ್ಜನನ್ನು ಪ್ರಶ್ನೆ ಕೇಳುವವರು ಇದ್ದಾರೆ. ಆ ಅಜ್ಜ ನನ್ನ ಕಡೆ ಕೈ ತೋರಿಸಿ "ಅವರನ್ನೇ ಕೇಳಿ" ಅನ್ನುತ್ತಾರೆ. ನಾನು ಉತ್ತರ ಹೇಳುತ್ತೇನೆ. ಅಷ್ಟರಲ್ಲೇ ಮುಗಿಯಿತು, ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಅತ್ತೆಯವರಿಗೆ ಏನು ಹೇಳುವುದು? ಇದರಿಂದ ನೌಕರಿ ಸಿಗುತ್ತದೆ ಅಂತ ಮಾತ್ರ ಹೇಳಬೇಡ, ಸಿಗದೇ ಇರಬಹುದು. ಡಿಪೆಂಡೆಂಟ್ ವೀಸಾದಲ್ಲಿ ಬಂದ ನಮ್ಮ ಹುಡುಗಿಯರು ನಾಲ್ಕು ಗೋಡೆಯೊಳಗೆ ಬಾಡುವುದನ್ನು ನಾನು ಬಹಳ ನೋಡಿದ್ದೇನೆ. ನಿನಗೆ ಕಲಿಸಿ ರೂಢಿ ಇದೆ, ಇಲ್ಲಿ ಕಲಿಯುವವರು ದಿನಾ ಹೊಸಬರು. ಇಷ್ಟು ಹೇಳು, ಒಪ್ಪದಿದ್ದರೆ ಫೋಟೋ ಕಳಿಸು.

ಹೊರಡುವ ಮುಂಚೆ ಒಂದು ಕೆಲಸ ಮಾಡು. ಈಗ ಚಳಿಗಾಲ, ಆಲಮಟ್ಟಿ ಹಿನ್ನೀರಿಗೆ ರಾಜಹಂಸಗಳು ಬರುವ ಕಾಲ. ಒಂದು ಭಾನುವಾರ ನಾಲ್ಕು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗು. ಒಂದೇ ಹಕ್ಕಿಯನ್ನು ಹತ್ತು ನಿಮಿಷ ತೋರಿಸು, ಅವರ ಪ್ರಶ್ನೆ ಕೇಳು. ಇಲ್ಲಿ ಬಂದ ಮೇಲೆ ಮೊದಲು ಡ್ರೈವಿಂಗ್ ಲೈಸೆನ್ಸ್ ಮಾಡಿಸು. ಕ್ಯಾನನ್ ಬೀಚ್‌ಗೆ ಬಸ್ ಇದೆ ನಿಜ, ಆದರೆ ಅದು ಇಳಿತದ ಟೈಮ್ ನೋಡಿ ಹೊರಡುವುದಿಲ್ಲ! ದುರ್ಬೀನು ಅಲ್ಲಿಂದ ಹೊತ್ತು ತರಬೇಡ, ನಮ್ಮ ಹತ್ತಿರ ಇದೆ. ನೀರು ಇಳಿಯದ ಜಾಕೆಟ್ಟು, ರಬ್ಬರ್ ಬೂಟು ಇಲ್ಲೇ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಚೀಲದಲ್ಲಿ ಜಾಗ ಉಳಿದರೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತುಂಬಿಕೋ. ಸ್ಯಾಂಡ್‌ವಿಚ್ ಆ ಗಾಳಿಯಲ್ಲಿ ಹಸಿಹಸಿಯಾಗಿ ತಿನ್ನೋಕಾಗಲ್ಲ.